ಕಬ್ಬನ್ ಪಾರ್ಕಿನ ರಾಣಿ, ಹೆಬ್ಬಾಳದ ಕಿತ್ತಯ್ಯ: ಟಿಕೆಟ್ಟಿಲ್ಲದೆ, ಗೈಡಿಲ್ಲದೆ ಓದಬಹುದಾದ ಬೆಂಗಳೂರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಬೆಂಗಳೂರಿನಲ್ಲಿ ವಾರಾಂತ್ಯ ಬಂತು ಅಂದ್ರೆ ಈಗ ಹೆರಿಟೇಜ್ ವಾಕ್‌ಗಳ ಕಾಲ. ದುಡ್ಡು ಕಟ್ಟಿ ಹೆಸರು ಬರೆಸಿದರೆ ಒಬ್ಬರು ಬಂದು ಊರು ತೋರಿಸುತ್ತಾರೆ, ಕಥೆ ಹೇಳುತ್ತಾರೆ, ಕೊನೆಗೆ ದೋಸೆ ತಿನ್ನಿಸಿ ಕಳಿಸುತ್ತಾರೆ. ಅದು ತಪ್ಪು ಅಂತ ಹೇಳ್ತಾ ಇಲ್ಲ. ಆದರೆ ಇವತ್ತು ನಾವು ಮಾತಾಡೋದು ಇನ್ನೊಂದು ಬಗೆಯ ನಡಿಗೆಯ ಬಗ್ಗೆ. ಇದಕ್ಕೆ ಟಿಕೆಟ್ ಇಲ್ಲ, ಗೈಡ್ ಇಲ್ಲ, ಇಷ್ಟೇ ಹೊತ್ತಿಗೆ ಹೊರಡಬೇಕು ಅಂತಲೂ ಇಲ್ಲ. ಬೀದಿಯಲ್ಲಿ, ಪಾರ್ಕಿನಲ್ಲಿ, ಗುಡಿಯ ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿರುವ ಶಿಲ್ಪಗಳನ್ನು, ಕಲ್ಲುಗಳನ್ನು ನೀವೇ ಹೋಗಿ ನೋಡೋದು, ನೀವೇ ಓದಿಕೊಳ್ಳೋದು.

ಹೊರಡುವ ಮೊದಲು ನಾಲ್ಕು ಪ್ರಶ್ನೆಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಯಾವುದೇ ಪ್ರತಿಮೆ ಮುಂದೆ ನಿಂತರೂ ಈ ನಾಲ್ಕನ್ನು ಕೇಳಿ. ಒಂದು, ಕಲ್ಲಾಗಿ ಅಥವಾ ಕಂಚಾಗಿ ಇಲ್ಲಿ ನಿಂತಿರುವವರು ಯಾರು? ಎರಡು, ಖರ್ಚು ಕೊಟ್ಟವರು ಯಾರು? ಮೂರು, ಕೆತ್ತಿದವರು ಯಾರು? ನಾಲ್ಕು, ಇದು ಮೊದಲಿಂದಲೂ ಇಲ್ಲೇ ಇತ್ತಾ, ಇದಕ್ಕಿಂತ ಮೊದಲು ಇಲ್ಲಿ ಏನಿತ್ತು? ಇಷ್ಟು ಕೇಳಿದರೆ ಸಾಕು, ದಿನಾ ಬಸ್ಸಿನ ಕಿಟಕಿಯಿಂದ ನೋಡಿದ ಜಾಗವೂ ಬೇರೆ ಥರ ಕಾಣೋಕೆ ಶುರುವಾಗುತ್ತೆ.

ದಂಡು ಮತ್ತು ಪೇಟೆಯ ನಡುವೆ

ಶುರು ಮಾಡೋಕೆ ಸುಲಭವಾದ ಜಾಗ ಕಬ್ಬನ್ ಪಾರ್ಕ್. ಮೆಟ್ರೋದಲ್ಲಿ ಬಂದರೆ ಅದೇ ಹೆಸರಿನ ನಿಲ್ದಾಣದಲ್ಲಿ ಇಳಿದು ಕಸ್ತೂರ್‌ಬಾ ರಸ್ತೆಯ ಮೂಲೆಗೆ ನಡೆಯಿರಿ. ಅಲ್ಲಿ ಎತ್ತರದ ಪೀಠದ ಮೇಲೆ ಬಿಳಿ ಅಮೃತಶಿಲೆಯಲ್ಲಿ ವಿಕ್ಟೋರಿಯಾ ರಾಣಿ ನಿಂತಿದ್ದಾಳೆ.

ಆ ಮೂಲೆಯಲ್ಲೇ ಯಾಕೆ? ಇದಕ್ಕೆ ಉತ್ತರ ಬೇಕು ಅಂದ್ರೆ ಆಗ ಬೆಂಗಳೂರು ಹೇಗಿತ್ತು ಅನ್ನೋದು ಗೊತ್ತಿರಬೇಕು. ಬ್ರಿಟಿಷರು 1809ರಲ್ಲಿ ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದರು. ಅಲ್ಲಿಂದ ಊರು ಎರಡಾಯಿತು. ಪಶ್ಚಿಮಕ್ಕೆ ಕೆಂಪೇಗೌಡರ ಕಾಲದ ಪೇಟೆ, ಪೂರ್ವಕ್ಕೆ ದಂಡು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದ ಮೇಲೂ ದಂಡು ಬ್ರಿಟಿಷರ ಹತ್ತಿರವೇ ಉಳಿಯಿತು. ಎರಡಕ್ಕೂ ಬೇರೆ ಬೇರೆ ಆಡಳಿತ. 1949ರಲ್ಲಿ ಒಂದೇ ನಗರಪಾಲಿಕೆ ಆಗುವವರೆಗೂ ಹೀಗೇ ನಡೆಯಿತು. ಈ ಎರಡು ಊರುಗಳ ನಡುವಿನ ಹಸಿರು ಗಡಿಯೇ ಈಗಿನ ಕಬ್ಬನ್ ಪಾರ್ಕ್. 1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಇದನ್ನು ರೂಪಿಸಿದರು. ಆಗ ನೂರು ಎಕರೆ ಇದ್ದದ್ದು ಈಗ ಸುಮಾರು ಮುನ್ನೂರು ಎಕರೆ.

ವಿಕ್ಟೋರಿಯಾ ಪ್ರತಿಮೆ ನಿಂತದ್ದು ಈ ಗಡಿಯ ದಂಡಿನ ತುದಿಯಲ್ಲಿ. 1906ರ ಫೆಬ್ರವರಿ 5ರಂದು ಆಗಿನ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವನು, ಇದನ್ನು ಅನಾವರಣ ಮಾಡಿದ. ದುಡ್ಡು ಬಂದದ್ದು ದಂಡಿನ ನಿವಾಸಿಗಳ ವಂತಿಗೆಯಿಂದ, ಜೊತೆಗೆ ಮೈಸೂರು ಮಹಾರಾಜರ ಕೊಡುಗೆಯಿಂದ. ಕೆತ್ತಿದ್ದು ಲಂಡನ್ನಿನ ಥಾಮಸ್ ಬ್ರಾಕ್. ಬಕಿಂಗ್‌ಹ್ಯಾಮ್ ಅರಮನೆ ಮುಂದಿನ ದೊಡ್ಡ ವಿಕ್ಟೋರಿಯಾ ಸ್ಮಾರಕವನ್ನು ಮಾಡಿದವನೂ ಇವನೇ. ಇದೇ ಮಾದರಿಯ ರಾಣಿಯರು ಇಂಗ್ಲೆಂಡಿನ ಹಲವು ಊರುಗಳಲ್ಲಿದ್ದಾರೆ. ಅಂದ್ರೆ ಬೆಂಗಳೂರಿಗೆ ಅಂತಲೇ ಕಲ್ಪಿಸಿ ಕೆತ್ತಿದ ಶಿಲ್ಪ ಇದಲ್ಲ. ಸಾಮ್ರಾಜ್ಯದ ಊರೂರಿಗೂ ಹೋಗುವ ಹಾಗೆ ತಯಾರಾದ ಒಂದು ಮುಖ ಇದು. ರಾಣಿ ಒಮ್ಮೆಯೂ ಭಾರತಕ್ಕೆ ಬಂದವಳಲ್ಲ. ಹಾಗಾಗಿ ಆಕೆಯ ಬದಲಿಗೆ ಈ ಕಲ್ಲು ಬಂತು ಅಂತಲೇ ಹೇಳಬಹುದು.

ಇಲ್ಲಿಂದ ಸ್ವಲ್ಪ ದೂರದಲ್ಲೇ ಆಕೆಯ ಮಗ ಏಳನೇ ಎಡ್ವರ್ಡ್‌ನ ಪ್ರತಿಮೆ ಇದೆ. ಅದು ಬಂದದ್ದು ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ. ತಾಯಿ ಮಗ ಇಬ್ಬರನ್ನೂ ನೋಡಿಕೊಂಡು ಪಾರ್ಕಿನ ಒಳಗೆ ನಡೆಯಿರಿ.

ಜಾಗ ಬದಲಿಸಿದ ಕುದುರೆ ಸವಾರ

ಒಳಗೆ ಹೋದರೆ ಸಿಗೋದು ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್, ಕುದುರೆ ಮೇಲೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವರು. ಊರಿಗೆ ಹಿಂದಿರುಗುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಪ್ರತಿಮೆ ಬಂದದ್ದು 1866ರಲ್ಲಿ. ಮಾಡಿದವರು ಬ್ಯಾರನ್ ಮಾರೊಕೆಟಿ. ಲಂಡನ್ನಿನ ಸಂಸತ್ ಭವನದ ಹೊರಗೆ ಕುದುರೆ ಮೇಲೆ ಕತ್ತಿ ಎತ್ತಿ ಕೂತ ರಿಚರ್ಡ್ ರಾಜನ ಪ್ರತಿಮೆ ಇದೆಯಲ್ಲ, ಅದನ್ನು ಮಾಡಿದ್ದೂ ಅವರೇ.

ನಮ್ಮ ನಾಲ್ಕನೇ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತೆ. ಈ ಪ್ರತಿಮೆ ಮೊದಲಿಂದಲೂ ಇಲ್ಲಿರಲಿಲ್ಲ. ದಶಕಗಳ ಕಾಲ ಅದು ಅಠಾರಾ ಕಚೇರಿಯ ಎದುರು, ಅಂದ್ರೆ ಈಗಿನ ಹೈಕೋರ್ಟಿನ ಅಂಗಳದಲ್ಲಿತ್ತು. 2020ರಲ್ಲಿ ಅಲ್ಲಿಂದ ಎತ್ತಿ ಪಾರ್ಕಿನ ಒಳಗೆ ತಂದಿಟ್ಟರು. ನ್ಯಾಯಾಲಯದ ಮುಂದೆ ನಿಂತವರು ಆಳಿದವರು ಅನ್ನಿಸುತ್ತಾರೆ. ಮರದ ನೆರಳಿನಲ್ಲಿ ನಿಂತರೆ ಹಳೇ ಕಾಲದವರು ಅನ್ನಿಸುತ್ತಾರೆ. ಕಂಚು ಅದೇ, ಕುದುರೆ ಅದೇ, ಅರ್ಥ ಮಾತ್ರ ಬೇರೆ.

ಹೆಸರಿನ ಕಥೆಯೂ ಹೀಗೇ. ಈ ಉದ್ಯಾನಕ್ಕೆ ಮೊದಲಿದ್ದ ಹೆಸರು ಮೀಡ್ಸ್ ಪಾರ್ಕ್. ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಮಯದಲ್ಲಿ ಅವರ ತಂದೆಯ ಹೆಸರಿಟ್ಟು ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಮಾಡಿದರು. ಚಾಮರಾಜೇಂದ್ರರ ಪ್ರತಿಮೆಯೂ ಪಾರ್ಕಿನಲ್ಲಿದೆ, ನೋಡಿ. ಸರ್ಕಾರಿ ದಾಖಲೆಯಲ್ಲಿ ಇವತ್ತಿಗೂ ಅದೇ ಹೆಸರು. ಆದರೆ ಆಟೋದವರಿಗೆ ಆ ಹೆಸರು ಹೇಳಿ ನೋಡಿ, ಎಲ್ಲಿಗೆ ಸಾರ್ ಅಂತಾರೆ! ಹೆಸರನ್ನು ಸರ್ಕಾರ ಇಡಬಹುದು, ಉಳಿಸೋದು ಮಾತ್ರ ಬಾಯಿಮಾತು.

ಮುಂದಕ್ಕೆ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಅದರೊಳಗೆ ರಾಜ್ಯ ಕೇಂದ್ರ ಗ್ರಂಥಾಲಯ. ಎದುರಿಗೆ 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ. ವೈಸರಾಯ್ ಲಾರ್ಡ್ ಹಾರ್ಡಿಂಜ್ 1913ರಲ್ಲಿ ಅನಾವರಣ ಮಾಡಿದ್ದು. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಹಟ ಹಿಡಿದವರು ಇವರು. 1902ರಲ್ಲಿ ಆ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಉರಿಯಿತು. ಅದನ್ನು ನೋಡಲು ದಿವಾನರು ಇರಲಿಲ್ಲ. ಈ ಪಾರ್ಕಿನ ಪ್ರತಿಮೆಗಳಲ್ಲಿ ರಾಜರಲ್ಲದ, ಬ್ರಿಟಿಷರಲ್ಲದ ಒಬ್ಬರು ಸಿಗೋದು ಇಲ್ಲಿ. ಆದರೂ ಅವರೂ ಆಡಳಿತದ ತುದಿಯಲ್ಲಿ ಇದ್ದವರೇ.

ಅಠಾರಾ ಕಚೇರಿಯಿಂದ ಪಾಲಿಕೆವರೆಗೆ

ಪಾರ್ಕ್ ದಾಟಿದರೆ ಅಠಾರಾ ಕಚೇರಿ. 1868ರ ಹೊತ್ತಿಗೆ ಮುಗಿದ ಕಟ್ಟಡ, ಹದಿನೆಂಟು ಇಲಾಖೆಗಳು ಒಟ್ಟಿಗೆ ಇದ್ದವು ಅಂತ ಆ ಹೆಸರು. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದಿತ್ತು. ನಾಗರಿಕರು ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು. ಎದುರಿಗೆ ವಿಧಾನಸೌಧ. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು, ಕೆಂಗಲ್ ಹನುಮಂತಯ್ಯನವರು ಬೆನ್ನು ಹತ್ತಿ ಕಟ್ಟಿಸಿದರು, 1956ರಲ್ಲಿ ಮುಗಿಯಿತು. ಕೆಂಪು ಕಚೇರಿಗೆ ಕಲ್ಲಿನಲ್ಲಿ ಕೊಟ್ಟ ಉತ್ತರ ಅದು. ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿದೆ. ಸಾವಿರಾರು ಜನ ಆ ಕಲ್ಲನ್ನು ಹೊತ್ತರು, ಕೆತ್ತಿದರು. ಬೀದಿಯಿಂದ ನೋಡಿದರೆ ಅವರ ಹೆಸರು ಎಲ್ಲೂ ಕಾಣಲ್ಲ. ಮೂರನೇ ಪ್ರಶ್ನೆಗೆ ಇಲ್ಲಿ ಉತ್ತರ ಸಿಗಲ್ಲ ಅನ್ನೋದೂ ಒಂದು ಉತ್ತರವೇ.

ಸೌಧದ ಸುತ್ತ ಈಗ ಅಂಬೇಡ್ಕರ್, ನೆಹರೂ, ಗಾಂಧಿ ಎಲ್ಲರೂ ಇದ್ದಾರೆ. 2023ರಲ್ಲಿ ಬಸವಣ್ಣ ಮತ್ತು ಕೆಂಪೇಗೌಡರು ಬಂದರು. 2025ರಲ್ಲಿ ನಾಡದೇವಿ ಭುವನೇಶ್ವರಿಯ ಕಂಚಿನ ಪ್ರತಿಮೆ ಬಂತು. ಪ್ರತಿ ಕಾಲವೂ ತಾನು ಯಾರಿಗೆ ತಲೆಬಾಗುತ್ತೇನೆ ಅಂತ ಹೇಳಿಕೊಳ್ಳೋಕೆ ಇದೇ ಬೀದಿಗೆ ಬರುತ್ತೆ.

ಇಲ್ಲಿಂದ ನೃಪತುಂಗ ರಸ್ತೆ ಹಿಡಿದು ಹಡ್ಸನ್ ವೃತ್ತದ ಕಡೆ ನಡೆಯಿರಿ. ಈ ರಸ್ತೆಗೆ ಹಿಂದೆ ಸೆನೊಟಾಫ್ ರೋಡ್ ಅಂತ ಹೆಸರಿತ್ತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಬೆಂಗಳೂರು ಕೋಟೆಯನ್ನು ಕಿತ್ತುಕೊಂಡಿತಲ್ಲ, ಆಗ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ಇಲ್ಲೊಂದು ಎತ್ತರದ ಸ್ತಂಭ ಇತ್ತು. ಊರನ್ನು ಗೆಲ್ಲೋಕೆ ಬಂದವರ ನೆನಪು ನಮಗೇಕೆ ಅಂತ ಕನ್ನಡ ಹೋರಾಟಗಾರರು ಕೇಳಿದರು. 1964ರಲ್ಲಿ ಅದನ್ನು ಕೆಡವಲಾಯಿತು. ಈಗ ಪಾಲಿಕೆ ಕಚೇರಿ ಮುಂದೆ ನಿಂತಿರೋದು ಊರು ಕಟ್ಟಿದ ಕೆಂಪೇಗೌಡರು.

ಕೆಡವಿದ್ದು ಸರಿಯೋ ತಪ್ಪೋ ಅನ್ನೋದನ್ನು ನಿಮಗೇ ಬಿಡ್ತೀನಿ. ಆದರೆ ಗಮನಿಸಬೇಕಾದ್ದು ಒಂದಿದೆ. ವಿಕ್ಟೋರಿಯಾ ಉಳಿದಳು, ಕಬ್ಬನ್ ಜಾಗ ಬದಲಿಸಿದರು, ಸ್ತಂಭ ಹೋಯಿತು. ಎರಡು ಮೂರು ಕಿಲೋಮೀಟರ್ ಒಳಗೆ ಒಂದೇ ಊರು ಹಳೇ ಒಡೆಯರ ಗುರುತುಗಳನ್ನು ಮೂರು ಥರ ನಡೆಸಿಕೊಂಡಿದೆ. ಇದನ್ನು ಯಾವ ಫಲಕವೂ ಹೇಳಲ್ಲ. ನಡೆದರೆ ಮಾತ್ರ ಗೊತ್ತಾಗುತ್ತೆ.

ಇನ್ನೊಂದು ಮಾತು. ಈ ದಾರಿಯಲ್ಲಿ ಕಾಂಪೌಂಡ್ ಗೋಡೆಗಳ ಮೇಲೂ ಕಣ್ಣಿರಲಿ. 2009ರ ಹೊತ್ತಿಗೆ ಬಿಬಿಎಂಪಿ ನಗರದ ಗೋಡೆಗಳ ಮೇಲೆ ಚಿತ್ರ ಬರೆಸಿತು. ಪೋಸ್ಟರ್ ಅಂಟಿಸಬಾರದು, ಗಲೀಜು ಮಾಡಬಾರದು ಅನ್ನೋ ಲೆಕ್ಕ ಅದು. ಬರೆದವರು ಆರ್ಟ್ ಗ್ಯಾಲರಿಯವರಲ್ಲ, ಸಿನಿಮಾ ಕಟೌಟ್, ಅಂಗಡಿ ಬೋರ್ಡು ಬರೆಯುತ್ತಿದ್ದ ಕೈಗಳು. ಫ್ಲೆಕ್ಸ್ ಬಂದು ಅವರ ಕೆಲಸ ಕಸಿದ ಕಾಲ ಅದು. ಮೈಸೂರು ಅರಮನೆ, ಜೋಗ, ಹುಲಿ, ಯಕ್ಷಗಾನ, ಹಂಪಿಯ ಕಲ್ಲಿನ ರಥ. ಕಲಾ ವಿಮರ್ಶಕರು ಮೂಗು ಮುರಿದರು. ಈಗ ಬಹಳಷ್ಟು ಮಾಸಿವೆ, ಕೆಲವು ರಸ್ತೆ ಅಗಲೀಕರಣದಲ್ಲಿ ಹೋಗಿವೆ. ಉಳಿದದ್ದು ಎಲ್ಲಾದರೂ ಕಂಡರೆ ಒಂದು ನಿಮಿಷ ನಿಲ್ಲಿ. ಸಾಮಾನ್ಯ ಕುಶಲಕರ್ಮಿಯ ಕೈಬರಹ ಬೀದಿಯಲ್ಲಿ ಸಿಗೋದು ಅಪರೂಪ.

ರಾಜನಲ್ಲದವನಿಗೂ ಒಂದು ಕಲ್ಲು

ಈವರೆಗೆ ನಾವು ನೋಡಿದವರೆಲ್ಲ ಯಾರು? ರಾಣಿ, ರಾಜ, ಕಮಿಷನರ್, ದಿವಾನ, ಆಮೇಲೆ ನಾಯಕರು. ಬೀದಿಯಲ್ಲಿ ಕಲ್ಲಾಗಿ ನಿಲ್ಲೋದು ದೊಡ್ಡವರ ಹಕ್ಕು ಅನ್ನೋ ಹಾಗಿದೆ, ಅಲ್ವಾ? ಆದರೆ ಬೆಂಗಳೂರಿನ ಬೀದಿಕಲೆ 1866ರಲ್ಲಿ ಶುರುವಾದದ್ದಲ್ಲ. ಅದಕ್ಕೂ ಸಾವಿರ ವರ್ಷ ಮೊದಲೇ ಇಲ್ಲಿ ಊರ ಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಎದುರು ಕಲ್ಲುಗಳು ನಿಲ್ಲುತ್ತಿದ್ದವು. ಅವೇ ವೀರಗಲ್ಲುಗಳು.

ಈ ಎರಡೂ ಲೋಕಗಳ ನಡುವೆ ಒಂದು ಸೇತುವೆ ಕಬ್ಬನ್ ಪಾರ್ಕಿನ ಅಂಚಿನಲ್ಲೇ ಇದೆ, ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. 1865ರಲ್ಲಿ ಸ್ಥಾಪನೆಯಾದದ್ದು. ಇದೊಂದಕ್ಕೆ ಟಿಕೆಟ್ ಇದೆ, ಹೋಗುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ. ಇಲ್ಲಿರುವ ಎರಡು ಕಲ್ಲುಗಳ ಕಥೆ ಕೇಳಿ.

ಒಂದು ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದದ್ದು, ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗ ಬೂತುಗ ಚೋಳರ ಮೇಲೆ ಯುದ್ಧ ಮಾಡಿದಾಗ ಮಣಲೆರ ಅನ್ನೋ ವೀರ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಹೊನ್ನಲ್ಲ, ಊರಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ಇವತ್ತಿಗೂ ನಾಯಿ ಹಂದಿಯ ಮೇಲೆ ಎರಗುತ್ತಲೇ ಇದೆ.

ಇನ್ನೊಂದು ಬೇಗೂರಿನ ವೀರಗಲ್ಲು. ಗಂಗರ ಎರೆಯಪ್ಪನ ಮಾತಿನಂತೆ ನಾಗತ್ತರ ಅನ್ನೋ ಅಧಿಕಾರಿ ತುಂಬೆಪಾಡಿಯ ಕಾಳಗಕ್ಕೆ ಹೋಗಿ ಆನೆಗಳ ನಡುವೆ ಹೋರಾಡಿ ಸತ್ತ. ಕುದುರೆ, ಆನೆ, ಬಿಲ್ಲು, ಬಿದ್ದ ಹೆಣ ಎಲ್ಲ ಒತ್ತೊತ್ತಾಗಿ ಒಂದೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಅವನ ಸಾವಿನ ನಂತರ ಬೆಂಪೂರು ಹನ್ನೆರಡು, ಅಂದ್ರೆ ಬೇಗೂರಿನ ಸುತ್ತಲಿನ ಊರುಗಳನ್ನು ಕಲ್ನಾಡಾಗಿ ಕೊಟ್ಟದ್ದು ದಾಖಲಾಗಿದೆ. ಖರ್ಚು ಕೊಟ್ಟವರು ಯಾರು ಅನ್ನೋ ಪ್ರಶ್ನೆಗೆ ಹತ್ತನೇ ಶತಮಾನದ ಉತ್ತರ ಇದು. ವಂತಿಗೆ ಅಲ್ಲ, ಭೂಮಿ.

ವೀರಗಲ್ಲನ್ನು ಓದೋದು ಹೇಗೆ

ವೀರಗಲ್ಲು ಓದೋಕೆ ಹಳಗನ್ನಡ ಬರಲೇಬೇಕು ಅಂತಿಲ್ಲ. ಎಷ್ಟೋ ಕಲ್ಲುಗಳಲ್ಲಿ ಅಕ್ಷರವೇ ಇರಲ್ಲ. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತೆ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ಅವನು ಹೇಗೆ ಸತ್ತ ಅನ್ನೋದು. ಅಲ್ಲಿ ಹಸುಗಳು ಕಂಡರೆ ಅದು ತುರುಗೋಳು, ಅಂದ್ರೆ ಊರ ದನ ಹೊಡೆದುಕೊಂಡು ಹೋಗೋಕೆ ಬಂದವರನ್ನು ತಡೆಯುವಾಗ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವ ತನಕ ಈ ನೆನಪು ಇರಲಿ ಅಂತ. ಗಂಗರ ಕಾಲದ ಹಳೇ ಕಲ್ಲುಗಳಲ್ಲಿ ಇಷ್ಟೆಲ್ಲ ವಿವರ ಇರಲ್ಲ. ಒಬ್ಬ ಮನುಷ್ಯ, ಕೈಯಲ್ಲೊಂದು ಆಯುಧ, ಸುತ್ತ ನಾಲ್ಕು ಸಾಲು ಅಷ್ಟೇ.

ಇಂಥದ್ದೇ ಒಂದು ಕಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿತು. ಕಾಲ ಸುಮಾರು ಕ್ರಿ.ಶ. 750, ಗಂಗರ ಶ್ರೀಪುರುಷನ ಆಳ್ವಿಕೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದನ್ನೇ ಅತಿ ಹಳೆಯದು ಅಂತ ಹೇಳುತ್ತಾರೆ. ಪೆರ್ಬೊಳಲ್‌ನಾಡು ಮೂವತ್ತು ಅನ್ನೋ ಸೀಮೆಯ ಮೇಲೆ ದಾಳಿಯಾದಾಗ ಕಿತ್ತಯ್ಯ ಅನ್ನುವವನು ಎದುರು ನಿಂತು ಹೋರಾಡಿ ಸತ್ತ. ವಿಷಯ ಇಷ್ಟೇ. ಪೆರ್ಬೊಳಲ್ ಅಂದ್ರೆ ದೊಡ್ಡ ಊರು, ಅದೇ ಸವೆದು ಸವೆದು ಹೆಬ್ಬಾಳ ಆಗಿದೆ. ಫ್ಲೈಓವರ್ ಮೇಲೆ ಗಂಟೆಗಟ್ಟಲೆ ಟ್ರಾಫಿಕ್‌ನಲ್ಲಿ ನಿಲ್ಲುವ ನಮಗೆ ಹೆಬ್ಬಾಳ ಅಂದ್ರೆ ಒಂದು ಜಂಕ್ಷನ್. 1,270 ವರ್ಷಗಳ ಹಿಂದೆ ಒಬ್ಬ ಮನುಷ್ಯನಿಗೆ ಅದು ಪ್ರಾಣ ಕೊಡುವಷ್ಟು ಸ್ವಂತ ಊರಾಗಿತ್ತು. ಆ ಕಲ್ಲಿಗೆ ಈಗ ಸ್ಥಳೀಯರು, ಇತಿಹಾಸಾಸಕ್ತರು ಸೇರಿ ಹೆಬ್ಬಾಳದಲ್ಲೇ ಮಂಟಪ ಕಟ್ಟಿದ್ದಾರೆ. ಹೋಗಿ ನೋಡಬಹುದು, ಯಾರೂ ಟಿಕೆಟ್ ಕೇಳಲ್ಲ.

ಇನ್ನು ಬೇಗೂರು. ನಾಗತ್ತರನ ಕಲ್ಲು ಮ್ಯೂಸಿಯಂಗೆ ಬಂದರೂ ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಇನ್ನೊಂದು ಕಲ್ಲು ಇದೆ. ಕಾಲ ಸುಮಾರು 890. ನಾಗತ್ತರನ ಕಡೆಯವನೊಬ್ಬ ‘ಬೆಂಗಳೂರ’ ಕಾಳಗದಲ್ಲಿ ಸತ್ತ ಅಂತ ಅದರಲ್ಲಿದೆ. ನಮ್ಮ ಊರಿನ ಹೆಸರು ಕಲ್ಲಿನ ಮೇಲೆ ಕಾಣಿಸಿಕೊಂಡದ್ದು ಹೀಗೆ, ಒಬ್ಬನ ಸಾವಿನ ಸುದ್ದಿಯ ಜೊತೆಗೆ. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅನ್ನೋ ಕಥೆ ಶಾಲೆಯಲ್ಲಿ ಕೇಳಿದ್ದೇವಲ್ಲ? ಬಲ್ಲಾಳ ಹುಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲೇ ಹೆಸರು ಇತ್ತು ಅಂತ ಈ ಕಲ್ಲು ಹೇಳುತ್ತೆ. ಕಥೆ ಚೆನ್ನಾಗಿದೆ, ಇರಲಿ. ಆದರೆ ಸಾಕ್ಷಿ ಹೇಳೋದು ಕಲ್ಲು.

ದಿನ ಇದ್ದರೆ ಮಡಿವಾಳ, ದೊಮ್ಮಲೂರಿಗೂ ಹೋಗಿ. ಮಡಿವಾಳದ ಸೋಮೇಶ್ವರ ದೇವಸ್ಥಾನದಲ್ಲಿ 1247ರ ತಮಿಳು ಶಾಸನ ಇದೆ, ಅದರಲ್ಲಿ ಊರಿನ ಹೆಸರು ವೆಂಗಳೂರ್ ಅಂತ ಬರುತ್ತೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲೂ ತಮಿಳು ಶಾಸನಗಳಿವೆ. ಬೆಂಗಳೂರಿನಲ್ಲಿ ಯಾರು ಮೊದಲು, ಯಾರು ಆಮೇಲೆ ಅಂತ ಜಗಳ ಆಡುವಾಗ ಈ ಕಲ್ಲುಗಳನ್ನು ಒಮ್ಮೆ ನೋಡಿ ಬರಬೇಕು. ಹಳೇ ಕನ್ನಡದ ಕಲ್ಲು, ಆಮೇಲಿನ ತಮಿಳಿನ ಕಲ್ಲು ಎರಡೂ ಒಂದೇ ಮಣ್ಣಿನಲ್ಲಿ ನಿಂತಿವೆ.

ಉಳಿಸಿದ್ದು ಯಾರು, ಕಳೆದದ್ದು ಹೇಗೆ

ಈಗ ಇವತ್ತಿನ ಸಂಚಿಕೆಯ ಮುಖ್ಯ ಮಾತಿಗೆ ಬರೋಣ. ಕಬ್ಬನ್ ಪಾರ್ಕಿನ ರಾಣಿಗೆ ಬೇಲಿ ಇದೆ, ಕಾವಲು ಇದೆ. ವೀರಗಲ್ಲಿಗೆ?

ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಊರೂರು ಸುತ್ತಿ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೇ ಸಂಪುಟ, 1905ರದ್ದು, ಬೆಂಗಳೂರು ಜಿಲ್ಲೆಯದು. ಬೇಗೂರಿನ ‘ಬೆಂಗಳೂರು’ ಶಾಸನ ಆಮೇಲೆ, 1915ರ ಸುಮಾರಿಗೆ, ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿತ್ತು. ಅವರು ಬರೆದಿಟ್ಟ ಕಾಲದಲ್ಲಿ ಹೆಬ್ಬಾಳ, ಅಗರ, ಬೇಗೂರು ಎಲ್ಲ ಹೊಲಗದ್ದೆಯ ಹಳ್ಳಿಗಳು. ಆಮೇಲೆ ಊರು ಬೆಳೆದು ಹಳ್ಳಿಗಳನ್ನು ನುಂಗಿತು. ಇತ್ತೀಚೆಗೆ ಆಸಕ್ತರು ಅದೇ ಹಳೇ ಪುಸ್ತಕ ಹಿಡಿದುಕೊಂಡು ಕಲ್ಲುಗಳನ್ನು ಹುಡುಕಿ ಹೊರಟರೆ ಎಷ್ಟೋ ಕಲ್ಲುಗಳು ಇರಲೇ ಇಲ್ಲ. ಕೆಲವು ಅಪಾರ್ಟ್‌ಮೆಂಟಿನ ಪಾಯಕ್ಕೆ ಹೋಗಿದ್ದವು, ಕೆಲವು ರಸ್ತೆಯ ಅಡಿಗೆ, ಕೆಲವು ಚರಂಡಿಯ ಮೇಲಿನ ಚಪ್ಪಡಿಯಾಗಿ. ಕಲ್ಲು ಹೋದ ಮೇಲೆ ಅದರ ಪಠ್ಯ ಪುಸ್ತಕದಲ್ಲಿ ಮಾತ್ರ.

ಉಳಿದವು ಹೇಗೆ ಉಳಿದವು? ಬಹಳಷ್ಟು ಉಳಿದದ್ದು ಪೂಜೆಯಿಂದ. ಜನ ವೀರನ ಹೆಸರು ಮರೆತರು, ಆದರೆ ಕಲ್ಲಿಗೆ ಅರಿಶಿನ ಕುಂಕುಮ ಇಡೋದು ಬಿಡಲಿಲ್ಲ. ಹಾಗಾಗಿ ಜೆಸಿಬಿ ಬಂದಾಗ ಡ್ರೈವರ್ ಕೂಡ ಹಿಂದೆಮುಂದೆ ನೋಡಿದ. ಆದರೆ ಅದೇ ಎಣ್ಣೆ, ಅದೇ ಕುಂಕುಮ, ಮೇಲೊಂದು ಪೇಂಟು ವರ್ಷಾನುಗಟ್ಟಲೆ ಹತ್ತಿ ಅಕ್ಷರ ಮುಚ್ಚಿಹೋದವು. ಪೂಜೆ ಕಲ್ಲನ್ನು ಉಳಿಸಿತು, ಓದನ್ನು ಮರೆಸಿತು. ಇನ್ನೊಂದು ದಾರಿ ಮ್ಯೂಸಿಯಂ. ಅಲ್ಲಿ ಅಕ್ಷರ ಉಳಿಯುತ್ತೆ, ಆದರೆ ಕಲ್ಲು ತನ್ನ ಊರನ್ನು ಕಳೆದುಕೊಳ್ಳುತ್ತೆ. ಕಸ್ತೂರ್‌ಬಾ ರಸ್ತೆಯಲ್ಲಿ ನಾಗತ್ತರನನ್ನು ನೋಡಿದವರಲ್ಲಿ ಎಷ್ಟು ಜನ ಬೇಗೂರಿಗೆ ಹೋಗುತ್ತಾರೆ?

ಹೆಬ್ಬಾಳದ್ದು ಮೂರನೇ ದಾರಿ. ಕಲ್ಲು ತನ್ನ ಊರಲ್ಲೇ ಇದೆ, ಅಕ್ಷರ ಕಾಣುವಂತಿದೆ, ಪಕ್ಕದ ಬೀದಿಯವರಿಗೆ ಕಿತ್ತಯ್ಯನ ಹೆಸರು ಗೊತ್ತು. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಎಣ್ಣೆ ಮೆತ್ತಿದ, ಸವೆದ ಅಕ್ಷರಗಳೂ ಸ್ಕ್ಯಾನಿನಲ್ಲಿ ಸ್ಪಷ್ಟವಾಗುತ್ತವೆ, ಹಳೇ ಓದಿನ ತಪ್ಪುಗಳೂ ತಿದ್ದುತ್ತವೆ. ಎಷ್ಟೋ ಕಲ್ಲುಗಳ ಜಾಗ ಗೂಗಲ್ ಮ್ಯಾಪಿನಲ್ಲೇ ಸಿಗುತ್ತೆ. ನಾಳೆ ಕಲ್ಲೇ ಹೋದರೂ ಅದರ ರೂಪ ಉಳಿಯುತ್ತೆ. ಆದರೆ ಕಂಪ್ಯೂಟರಿನಲ್ಲಿರುವ ಕಲ್ಲಿಗೆ ಬೀದಿ ಇಲ್ಲ. ಬೀದಿಯಲ್ಲಿ ಅದನ್ನು ಕಾಯೋದು ಅಲ್ಲಿ ಓಡಾಡುವವರ ಕಣ್ಣು ಮಾತ್ರ.

ಈ ನಡಿಗೆಗಳು ಬರೀ ಟೈಂಪಾಸ್ ಅಲ್ಲ ಅಂತ ನಾನು ಹೇಳೋದು ಇದಕ್ಕೇ. ವಿಮಾನ ನಿಲ್ದಾಣದಲ್ಲಿ 2022ರಲ್ಲಿ 108 ಅಡಿಯ ಕೆಂಪೇಗೌಡರು ನಿಂತರು. ಅವರನ್ನು ಯಾರೂ ಕಳೆದುಹಾಕಲ್ಲ, ಯಾಕೆಂದರೆ ಎಲ್ಲರಿಗೂ ಕಾಣುತ್ತೆ. ಮೊಣಕಾಲೆತ್ತರದ ವೀರಗಲ್ಲು ಕಳೆದುಹೋಗೋದು ಅದು ಚಿಕ್ಕದು ಅಂತಲ್ಲ, ಇದು ಏನು ಅಂತ ಪಕ್ಕದ ಮನೆಯವರಿಗೇ ಗೊತ್ತಿಲ್ಲದೆ ಇದ್ದಾಗ.

ಹೊರಡುವವರಿಗೆ ಕೆಲವು ಮಾತು. ಒಂದೇ ದಿನ ಎಲ್ಲ ನೋಡೋಕೆ ಹೋಗಬೇಡಿ. ವಿಕ್ಟೋರಿಯಾದಿಂದ ಪಾಲಿಕೆವರೆಗೆ ಒಂದು ಬೆಳಿಗ್ಗೆ, ಹೆಬ್ಬಾಳ ಒಂದು ದಿನ, ಬೇಗೂರು ಇನ್ನೊಂದು ದಿನ. ಕಲ್ಲು ನೋಡೋಕೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು, ಆಗ ಉಬ್ಬುತಗ್ಗು ಚೆನ್ನಾಗಿ ಕಾಣುತ್ತೆ. ಅಕ್ಷರಕ್ಕೆ ಸೀಮೆಸುಣ್ಣ ಬಳಿಯಬೇಡಿ, ಪೇಂಟ್ ಕೆರೆಯಬೇಡಿ, ನೀರು ಸುರಿಯಬೇಡಿ. ಗುಡಿಯೊಳಗೆ ಇದ್ದರೆ ಅರ್ಚಕರನ್ನು ಕೇಳಿ ಫೋಟೋ ತೆಗೆಯಿರಿ. ಮನೆ ಎದುರು ಇದ್ದರೆ ಮನೆಯವರನ್ನು ಮಾತಾಡಿಸಿ. ಇದು ಏನು ಗೊತ್ತಾ ಅಂತ ಅವರನ್ನು ಕೇಳಿ, ನಿಮಗೆ ತಿಳಿದಷ್ಟು ನೀವೂ ಹೇಳಿ. ಮುಂದೆ ಚರಂಡಿ ಕೆಲಸದವರು ಬಂದಾಗ ಆ ಕಲ್ಲು ಎತ್ತಿ ಪಕ್ಕಕ್ಕಿಡಿ ಅಂತ ಹೇಳೋರು ಅವರೇ.

ನಿಮ್ಮ ಬಡಾವಣೆಯ ಹೆಸರಿನ ಕೊನೆಯಲ್ಲಿ ಹಳ್ಳಿ, ಪಾಳ್ಯ, ಸಂದ್ರ, ಕುಂಟೆ ಅಂತ ಏನಾದರೂ ಇದ್ದರೆ ಅದೊಂದು ಹಳೇ ಊರು. ಅಲ್ಲಿನ ಹಳೇ ಗುಡಿ, ಅರಳಿಕಟ್ಟೆ, ಕೆರೆ ಏರಿ ಒಮ್ಮೆ ನೋಡಿ ಬನ್ನಿ. ನಿಮ್ಮ ಕಿತ್ತಯ್ಯ ಅಲ್ಲಿ ಇರಬಹುದು.